ಐವತ್ತೆಂಟು ತೇಪೆ

ಅವರ ನಿಜವಾದ ಹೆಸರು ಸಂಬಳದ ಪಟ್ಟಿಗೂ ಅವರ ಹೆಂಡತಿಗೂ ಮಾತ್ರ ಗೊತ್ತಿತ್ತು. ಉಳಿದ ಲೋಕಕ್ಕೆಲ್ಲ ಅವರು 'ಅಂದರೆ ಸರ್'. ಎಲೆಕ್ಟ್ರಾನಿಕ್ಸ್ ವಿಭಾಗದ ಮುಖ್ಯಸ್ಥರು. ಒಂದು ಮಾತನ್ನು ಅದೇ ಮಾತಿನಿಂದ ವಿವರಿಸುವ ವಿದ್ಯೆಯಲ್ಲಿ ಅವರನ್ನು ಮೀರಿಸಿದವರಿಲ್ಲ. ಕೊನೆಯ ವರ್ಷದ ತರಗತಿಗೆ ಬಂದು, ಡಸ್ಟರಿನಿಂದ ಮೇಜಿಗೆ ಎರಡು ಏಟು ಕೊಟ್ಟು, ಅವರು ಹೇಳಿದ್ದು ಇಷ್ಟು:

"ಈ ಸಲ ಪ್ರಾಜೆಕ್ಟು, ಅಂದರೆ ಪ್ರಾಜೆಕ್ಟ್ ವರ್ಕು, ಓಪನ್ ಸೋರ್ಸಲ್ಲಿ. ಅಂದರೆ ಕೋಡು ಓಪನ್ನಾಗಿರುತ್ತೆ, ಯಾರು ಬೇಕಾದ್ರೂ ನೋಡಬಹುದು, ತಿದ್ದಬಹುದು. ಒಂದು ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ ಆರಿಸ್ಕೊಳ್ಳಿ, ಅಂದರೆ ಚೂಸ್ ಮಾಡಿ. ಎಂಟು ವಾರದೊಳಗೆ ಅದಕ್ಕೆ ಒಂದಾದ್ರೂ ಪ್ಯಾಚ್ ಕಳಿಸಿ. ಇಪ್ಪತ್ತು ಮಾರ್ಕು."

"ಪ್ಯಾಚ್ ಅಂದರೆ ಸರ್?" ಹಿಂದಿನ ಬೆಂಚಿನಿಂದ ಅವರದೇ ಧ್ವನಿಯಲ್ಲಿ ಕೇಳಿದವನು ಜೆರಾಕ್ಸ್. ಮೂರು ವರ್ಷ ಪಕ್ಕದವರ ಉತ್ತರಪತ್ರಿಕೆಯನ್ನು ಅಕ್ಷರವೂ ಬಿಡದೆ ಇಳಿಸಿ ಪಾಸಾದವನು. ಮನುಷ್ಯರ ಧ್ವನಿಯನ್ನೂ ಹಾಗೇ ಇಳಿಸುತ್ತಿದ್ದ.

"ಅಂದರೆ ತೇಪೆ," ಅಂದರು ಸರ್, ಅಣಕಕ್ಕೂ ಅರ್ಥ ಹೇಳುವ ಧಾರಾಳದಿಂದ. "ಕೋಡು ಹರಿದಲ್ಲಿ ಹಾಕೋದು."

ತರಗತಿಯ ಐವತ್ತೆಂಟು ಜನರಲ್ಲಿ ತೇಪೆ ಎಂದ ಕೂಡಲೇ ನಿಜವಾದ ತೂತೊಂದು ಕಣ್ಣಿಗೆ ಬಂದದ್ದು ಸೂಜಿಗೆ ಮಾತ್ರ. ಕಾಲುಚೀಲ ಹೆಣೆಯುವ ಮನೆಯಲ್ಲಿ ಬೆಳೆದವಳು ಅವಳು. ಮನೆ ಮಹಡಿಯ ಮೇಲೆ, ಕೆಳಗೆ ಶೆಡ್ಡು. ಶೆಡ್ಡಿನಲ್ಲಿ ಚಿಕ್ಕಪ್ಪನ ಮೂರು ಯಂತ್ರ. ಸೂಜಿ ಎಂಬ ಹೆಸರಿಟ್ಟದ್ದು ಚಿಕ್ಕಪ್ಪ, ಉಳಿಸಿಕೊಂಡದ್ದು ಅವಳ ನಾಲಿಗೆ. ಮೂರರಲ್ಲಿ ಒಂದು ಯಂತ್ರಕ್ಕೆ ಚಿಕ್ಕಪ್ಪ ಹೋದ ವರ್ಷ ಹೊಸ ತಲೆ ಹಾಕಿಸಿದ್ದ, ಅಂದರೆ (ಸರ್ ಮಾತು ಅಂಟುರೋಗ) ಒಂದು ಎಲೆಕ್ಟ್ರಾನಿಕ್ ಬೋರ್ಡು. ಆ ತಲೆ ಬಂದಾಗಿನಿಂದ ಯಂತ್ರ ಆಗಾಗ ಒಂದು ಕುಣಿಕೆಯನ್ನು ಉದುರಿಸುತ್ತಿತ್ತು. ಕಾಲುಚೀಲದ ಹಿಮ್ಮಡಿಯಲ್ಲೋ ಬೆರಳಿನ ಹತ್ತಿರವೋ ಒಂದು ಕಡಲೆಕಾಳಿನಷ್ಟು ತೂತು.

"ಗಂಟೆಗೊಂದು," ಎನ್ನುತ್ತಿದ್ದ ಚಿಕ್ಕಪ್ಪ. "ಹೆಚ್ಚೇನಿಲ್ಲ."

"ಹೆಚ್ಚೇನಿಲ್ಲ ಅಂತ ಕೈ ಬೀಸೋದು ಇವನು, ಕೂತು ಹೊಲಿಯೋದು ನಾನು," ಎನ್ನುತ್ತಿದ್ದಳು ಅಮ್ಮ. "ಇವನ ಯಂತ್ರಕ್ಕೆ ಹೊಸ ತಲೆ ಬಂತು, ನನ್ನ ತಲೆ ಹೋಯ್ತು."

"ಅತ್ತಿಗೆ, ಬೋರ್ಡ್ ಮಾಡಿಕೊಟ್ಟ ಮೆಕ್ಯಾನಿಕ್‌ನ ಕೇಳಿದೀನಿ. ಅದರೊಳಗಿನ ಸಿಸ್ಟಂ ಅವನದ್ದಲ್ಲವಂತೆ. ಯಾರೋ ಪುಕ್ಕಟೆ ಬರೆದು ಲೋಕಕ್ಕೆಲ್ಲ ಕೊಟ್ಟಿರೋದಂತೆ. ಅವರು ಸರಿಮಾಡಿ ಹೊಸ ಆವೃತ್ತಿ ಬಿಟ್ಟರೆ ಇವನು ಹಾಕಿಕೊಡ್ತಾನಂತೆ. ಮಧ್ಯೆ ಯಾರು ಕೈಯಾಡಿಸಿದ್ರೂ ಗ್ಯಾರಂಟಿ ಇಲ್ಲವಂತೆ."

"ಅಂತೆ ಕಂತೆ," ಅಂದಳು ಅಮ್ಮ, ದಾರ ಕಚ್ಚಿ ತುಂಡುಮಾಡುತ್ತ.

ರಿಯಲ್-ಟೈಮ್ ಅಂದರೆ ವೇಗ ಅಂತ ಜನ ತಿಳಿದಿದ್ದಾರೆ. ವೇಗ ಅಲ್ಲ, ವಾಯಿದೆ. ಆ ಯಂತ್ರದ ಉರುಳೆಯಲ್ಲಿ ನೂರ ಅರವತ್ತೆಂಟು ಸೂಜಿಗಳಿದ್ದವು. ಪ್ರತಿಯೊಂದೂ ತನ್ನ ಕ್ಷಣ ಬಂದಾಗಲೇ ಏಳಬೇಕು, ಮೊದಲೂ ಅಲ್ಲ, ಆಮೇಲೂ ಅಲ್ಲ. ಬೇರೆ ಎಷ್ಟೇ ಕೆಲಸ ಮುಗಿಬಿದ್ದರೂ, ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು ಎಂದು ಗದ್ದಲದಲ್ಲೂ ತಲೆ ಕೆಡಿಸಿಕೊಳ್ಳದೆ ನಡೆಸುವ ಮೇಸ್ತ್ರಿಯೇ ಈ ಸಿಸ್ಟಂ. ಮೇಸ್ತ್ರಿ ಕಣ್ಣು ಮಿಟುಕಿಸಿದರೆ ಕಾಲುಚೀಲಕ್ಕೆ ತೂತು.

ಉಳಿದ ಹುಡುಗರು ಪ್ರಾಜೆಕ್ಟು ಆರಿಸಿದ ರೀತಿ ಸರಳ: ಪಕ್ಕದವನು ಏನು ಆರಿಸುತ್ತಾನೋ ನೋಡುವುದು. ಪಕ್ಕದವನೂ ಇವರನ್ನೇ ನೋಡುತ್ತಿದ್ದುದರಿಂದ ಎರಡು ವಾರ ಯಾರೂ ಏನೂ ಆರಿಸಲಿಲ್ಲ. ಸೂಜಿ ಮಾತ್ರ, ಬಾಡಿಗೆ ಮನೆಗೆ ಹೋಗುವ ಮುಂಚೆ ಅಕ್ಕಪಕ್ಕ ವಿಚಾರಿಸುವ ಹಾಗೆ, ಒಂದೊಂದೇ ಪ್ರಾಜೆಕ್ಟಿನ ಆನ್‌ಲೈನ್ ಅಂಗಳಕ್ಕೆ ಹೋಗಿ ಕೂತಳು, ಕಂಡದ್ದನ್ನೆಲ್ಲ ಪಟ್ಟಿ ಮಾಡಿಕೊಂಡಳು. ಚಿಕ್ಕಪ್ಪನ ಬೋರ್ಡಿನ ಒಳಗಿರುವುದು ಯಾವುದೆಂದು ಅವಳಿಗೆ ಗೊತ್ತಿತ್ತು. ಆದರೂ ಹೋಲಿಸದೆ ಒಪ್ಪುವ ಜಾತಿಯಲ್ಲ. ಜಾಹೀರಾತಿನಲ್ಲಿ ಎಲ್ಲರ ಕೋಡೂ ಚಿನ್ನವೇ. ಹೊಸಬನೊಬ್ಬ ಬಂದು ಪೆದ್ದು ಪ್ರಶ್ನೆ ಕೇಳಿದಾಗ ಮನೆಯವರು ಏನೆನ್ನುತ್ತಾರೆ, ಅದನ್ನು ಓದಬೇಕು ಎಂಬುದು ಅವಳ ಸಿದ್ಧಾಂತ.

ಮೊದಲನೆಯದು ಎಲ್ಲಕ್ಕಿಂತ ದೊಡ್ಡದು. ಒಳಗೆ ಕಾಲಿಡುವ ಮುಂಚೆ ಓದಬೇಕಾದ ನಿಯಮವೇ ನಲವತ್ತು ಪುಟ. ಪ್ರಶ್ನೆ ಕೇಳಿದರೆ ಮನುಷ್ಯರ ಬದಲು ಒಂದು ಬಾಟ್ ಬಂದು 'ನಿಮ್ಮ ಪ್ರಶ್ನೆ ನಮಗೆ ಅಮೂಲ್ಯ' ಎನ್ನುತ್ತಿತ್ತು. ಮೂವತ್ತು ದಿನ ಕಳೆದರೆ ಅದೇ ಬಾಟ್ ಮರಳಿ ಬಂದು 'ಯಾರೂ ಮಾತಾಡದ ಕಾರಣ ಮುಚ್ಚಲಾಗಿದೆ' ಎಂದು ಆ ಅಮೂಲ್ಯಕ್ಕೆ ಚಟ್ಟ ಕಟ್ಟುತ್ತಿತ್ತು. ಎರಡನೆಯದನ್ನು ನಡೆಸುವವನು ಒಬ್ಬನೇ. ಅವನ ಕೊನೆಯ ಮಾತು: 'ಮಗು ಹುಟ್ಟಿದೆ, ಮುಂದಿನ ವಾರ ನೋಡ್ತೀನಿ.' ತಾರೀಖು ಲೆಕ್ಕ ಹಾಕಿದರೆ ಆ ಮಗು ಈಗ ಮೂರನೇ ಕ್ಲಾಸು. ಮೂರನೆಯದು ಪಂಡಿತರ ಮನೆ. ಏನು ಕೇಳಿದರೂ 'ಕೈಪಿಡಿ ಓದಿದ್ದೀರಾ?' ಓದಿದ್ದೇನೆ ಎಂದರೆ, 'ಸರಿಯಾಗಿ ಓದಿದ್ದೀರಾ?'

ನಾಲ್ಕನೆಯದು ಚಿಕ್ಕಪ್ಪನ ಬೋರ್ಡಿನಲ್ಲಿದ್ದದ್ದು. ಆರು ಜನ ಸೇರಿ, ಹಗಲಿನ ನೌಕರಿ ಮುಗಿಸಿ, ಬಿಡುವಿನಲ್ಲಿ ನಡೆಸುತ್ತಿದ್ದರು. ಅದರಲ್ಲಿ ಒಬ್ಬರು ತಮ್ಮ ಮುಖದ ಜಾಗದಲ್ಲಿ ಬೆಕ್ಕಿನ ಚಿತ್ರ ಹಾಕಿದ್ದರು. ಸೂಜಿ ಅವರಿಗೆ ಬೆಕ್ಕಣ್ಣ ಎಂದು ಹೆಸರಿಟ್ಟಳು. ಯಾವನೋ ಹೊಸಬ 'ಎಲ್ಲಿಂದ ಶುರು ಮಾಡಲಿ' ಎಂದು ಕೇಳಿದ್ದಕ್ಕೆ ಬೆಕ್ಕಣ್ಣ ಉದ್ದಕ್ಕೆ ಉತ್ತರ ಬರೆದು, 'ನಾನೂ ಮೊದಲ ದಿನ ಬೋರ್ಡನ್ನು ಉಲ್ಟಾ ಸಿಕ್ಕಿಸಿದ್ದೆ, ನಾಚಿಕೆ ಬೇಡ' ಎಂದಿದ್ದರು. ಸೂಜಿ ಆವತ್ತೇ ಮನಸ್ಸು ಮಾಡಿದಳು.

ಅಷ್ಟಕ್ಕೇ ಬಿಟ್ಟಿದ್ದರೆ ಕಥೆ ಇರುತ್ತಿರಲಿಲ್ಲ. ಆದರೆ ಜೆರಾಕ್ಸ್ ಬಂದು ಮುಖವನ್ನು ಅರ್ಧ ಅಡಿ ಉದ್ದ ಮಾಡಿ ನಿಂತ. "ಅಕ್ಕಾ ತಾಯಿ, ನಿನ್ನ ಪಟ್ಟಿ ಕೊಡೇ. ಬರೀ ನೋಡಿ ಕೊಡ್ತೀನಿ."

ಅವಳಿಗೆ ಪಟ್ಟಿಯ ಬಗ್ಗೆ ಹೆಮ್ಮೆಯಿತ್ತು. ಹೆಮ್ಮೆ ಇದ್ದಲ್ಲಿ ಬುದ್ಧಿ ರಜ ಹಾಕುತ್ತದೆ. ನಾಲ್ಕೂ ಪ್ರಾಜೆಕ್ಟುಗಳ ಗುಣಾವಗುಣಗಳನ್ನು ಅಂದವಾಗಿ ಕೋಷ್ಟಕ ಮಾಡಿ ಇಡೀ ತರಗತಿಯ ಗುಂಪಿಗೇ ಹಾಕಿದಳು. ಬೆಕ್ಕಣ್ಣನ ಪ್ರಾಜೆಕ್ಟಿನ ಎದುರು ಬರೆದಿದ್ದಳು: 'ಹೊಸಬರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಒಂದು ದಿನದೊಳಗೆ ಉತ್ತರ.'

ಮುಂದಿನ ಮೂರು ವಾರ ಸೂಜಿ ಶೆಡ್ಡಿನಲ್ಲಿ ಸ್ಟೂಲು ಹಾಕಿಕೊಂಡು ಯಂತ್ರದ ಎದುರು ಕೂತಳು. ತೂತು ಬಿದ್ದಾಗಲೆಲ್ಲ ಹೊತ್ತು ಬರೆದುಕೊಂಡಳು. ಗಂಟೆಗೊಂದು ಎಂಬ ಚಿಕ್ಕಪ್ಪನ ಲೆಕ್ಕ ತಪ್ಪು. ಒಂದು ತೂತಿಗೂ ಇನ್ನೊಂದಕ್ಕೂ ನಡುವೆ ಎಪ್ಪತ್ತೊಂದೂವರೆ ನಿಮಿಷ, ಪ್ರತಿಸಲವೂ, ಒಂದು ಸೆಕೆಂಡೂ ಅತ್ತಿತ್ತ ಆಗದಂತೆ.

"ಇದು ಕೆಟ್ಟಿರೋದಲ್ಲ ಚಿಕ್ಕಪ್ಪ," ಅಂದಳು. "ಕೆಟ್ಟಿದ್ರೆ ಮನಸ್ಸು ಬಂದಾಗ ಬೀಳ್ತಿತ್ತು. ಇದು ಶಿಸ್ತಾಗಿ ತಪ್ಪು ಮಾಡ್ತಿದೆ."

"ನಿಮ್ಮಪ್ಪನ ಹಾಗೆ," ಅಂದಳು ಅಮ್ಮ. ಅಪ್ಪ ಬಸ್ ಡ್ರೈವರ್. ಆಗ ಬಸ್ಸಿನಲ್ಲಿದ್ದುದರಿಂದ ಪ್ರತಿವಾದ ಇರಲಿಲ್ಲ.

ಕಾರಣ ಸಿಕ್ಕಿತು. ಆ ಸಿಸ್ಟಂ ಹೊತ್ತನ್ನು ಒಂದು ಮೀಟರಿನಂತೆ ಎಣಿಸುತ್ತಿತ್ತು, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲನ್ನೂ ಬಿಡದೆ. ಎಣಿಸಿ ಎಣಿಸಿ, ಎಪ್ಪತ್ತೊಂದೂವರೆ ನಿಮಿಷಕ್ಕೆ ಮೀಟರು ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಸರಿಯಾಗಿ ಆ ಗಳಿಗೆಯಲ್ಲಿ ಯಾವ ಸೂಜಿ ಏಳಬೇಕಿತ್ತೋ ಅದರ ವಾಯಿದೆ 'ಇನ್ನೂ ಬಹಳ ದೂರ ಇದೆ' ಎಂದು ಮೇಸ್ತ್ರಿಗೆ ಕಾಣುತ್ತಿತ್ತು. ತಿದ್ದಲು ಬೇಕಾದದ್ದು ಹನ್ನೊಂದು ಸಾಲು. ಕಾಲೇಜಿನ ಲ್ಯಾಬಿನ ಬೋರ್ಡಿನ ಮೇಲೆ ಎರಡು ದಿನ ಓಡಿಸಿ ನೋಡಿದಳು. ಒಂದು ವಾಯಿದೆಯೂ ತಪ್ಪಲಿಲ್ಲ. ಎಂಟನೆಯ ವಾರದ ಶನಿವಾರ ಬೆಳಿಗ್ಗೆ, ತಿದ್ದಿದ ಕಾರಣ, ಪರೀಕ್ಷೆ ಮಾಡಿದ ವಿಧಾನ, ತೂತಿನ ಫೋಟೋ ಸಹಿತ ಪ್ಯಾಚನ್ನು ಕಳಿಸಿದಳು. ಅದು ಒಪ್ಪಿತವಾಗಿ ಹೊಸ ಆವೃತ್ತಿಯೊಳಗೆ ಸೇರಿದರೆ ಮೆಕ್ಯಾನಿಕ್ ಬೋರ್ಡಿಗೆ ಹಾಕುತ್ತಾನೆ, ತೂತು ನಿಲ್ಲುತ್ತದೆ. ಸೇರದಿದ್ದರೆ ಇಲ್ಲ. ಅಷ್ಟೇ.

ಸೋಮವಾರ ಬೆಳಿಗ್ಗೆ ತೆರೆದು ನೋಡಿದರೆ ಅವಳ ಪ್ಯಾಚಿನ ನೆತ್ತಿಯ ಮೇಲೆ ಕೆಂಪು ಚೀಟಿ: ಕಸ.

ಕೆಳಗೆ ಬೆಕ್ಕಣ್ಣನ ಬರಹ. 'ನಿಮ್ಮ ಕಾಲೇಜಿನಿಂದ ಒಂದೇ ದಿನ ಐವತ್ತೆಂಟು ಪ್ಯಾಚ್ ಬಂದಿವೆ. ನಾವು ಆರು ಜನ. ಎಲ್ಲವನ್ನೂ ಮುಚ್ಚಿದ್ದೇವೆ. ಈ ಕಾಲೇಜಿನ ವಿಳಾಸದಿಂದ ಇನ್ನು ಏನನ್ನೂ ತೆಗೆದುಕೊಳ್ಳುವುದಿಲ್ಲ. ವಿಭಾಗದ ಮುಖ್ಯಸ್ಥರಿಗೆ ಪತ್ರ ಬರೆದಿದ್ದೇವೆ.'

ಸೂಜಿ ಪಕ್ಕದ ಪ್ಯಾಚುಗಳ ಮೇಲೆ ಕಣ್ಣಾಡಿಸಿದಳು. ಕೈಪಿಡಿಯ ಮೊದಲ ಸಾಲು 'ಹೊಸಬರಿಗೆ ಸ್ವಾಗತ' ಎಂದಿತ್ತಲ್ಲ, ಅದನ್ನು ಒಬ್ಬ 'ಸುಸ್ವಾಗತ' ಮಾಡಿದ್ದ. ಇನ್ನೊಬ್ಬ 'ಹಾರ್ದಿಕ ಸುಸ್ವಾಗತ'. ಮತ್ತೊಬ್ಬ ಅದು ಹೆಚ್ಚಾಯಿತೆಂದು 'ಸ್ವಾಗತ'ಕ್ಕೇ ಮರಳಿ ತಂದಿದ್ದ. ಅಳಿಯ ಅಲ್ಲ ಮಗಳ ಗಂಡ. ಒಬ್ಬಳು ಅಲ್ಪವಿರಾಮ ಹಾಕಿದ್ದಳು, ಇನ್ನೊಬ್ಬಳು ತೆಗೆದಿದ್ದಳು. ಐದಾರು ನೋಡುವಷ್ಟರಲ್ಲಿ ಸೂಜಿ ಪರದೆಯನ್ನು ಪಟ್ ಎಂದು ಮುಚ್ಚಿ ಲ್ಯಾಬಿಗೆ ನುಗ್ಗಿದಳು.

"ಇದೇನೋ ನಿಮ್ಮ ಕರ್ಮ?"

"ನಾನೇನೇ ಮಾಡ್ದೆ?" ಜೆರಾಕ್ಸ್ ನಿಜವಾಗಿಯೂ ಗಾಬರಿಯಾಗಿದ್ದ. "ನಿನ್ನ ಪಟ್ಟಿ ನೋಡ್ದೆ. 'ಹೊಸಬರನ್ನ ಚೆನ್ನಾಗಿ ನೋಡ್ಕೋತಾರೆ' ಅಂತ ನೀನೇ ಬರೆದಿದ್ದೆ. ಶನಿವಾರ ಮಧ್ಯಾಹ್ನ ಎಲ್ಲರೂ ಇಲ್ಲೇ ಕೂತ್ವಿ, ಐವತ್ತೇಳು ಜನ ಹೊಸಬರು ಹೋದ್ವಿ."

"ಹೋಗಿ ಏನು ಕಡಿದು ಗುಡ್ಡೆ ಹಾಕಿದ್ರಿ? ಒಬ್ಬ ಸು ಹಾಕ್ದ, ಒಬ್ಬ ಸು ತೆಗೆದ."

"ಟೀಂ ವರ್ಕು."

"ನನ್ನ ಮೂರು ವಾರದ ಕೆಲಸ ನಿಮ್ಮ ಸುಗಳ ಜೊತೆ ಕಸದ ಬುಟ್ಟಿಗೆ ಹೋಯ್ತು. ಗೊತ್ತಾ?"

ಜೆರಾಕ್ಸ್ ತಲೆ ಕೆರೆದುಕೊಂಡ. "ಎಲ್ಲರೂ ಒಂದೊಂದು ಕ್ಷಮಾಪಣೆ ಕಳಿಸೋಣ್ವಾ? ನೀನು ಒಂದು ಬರೆದುಕೊಡು, ನಾವು ಇಳಿಸ್ಕೋತೀವಿ."

"ಮತ್ತೆ ಐವತ್ತೇಳಾ?"

ಅವನು ಸ್ವಲ್ಪ ಯೋಚಿಸಿ, "ಅದೂ ಹೌದು," ಅಂದ. ಆಮೇಲೆ ಧ್ವನಿ ತಗ್ಗಿಸಿ, "ನೀನೊಂದು ಕೆಲಸ ಮಾಡು. ಹೊಸ ಮೇಲ್ ಐಡಿ ಮಾಡು. ಕಾಲೇಜಿನ ಹೆಸರೇ ಎತ್ತಬೇಡ. ಅದೇ ಪ್ಯಾಚ್ ಮತ್ತೆ ಕಳಿಸು. ಯಾರಿಗೆ ಗೊತ್ತಾಗುತ್ತೆ?"

"ನಾನ್ಯಾಕೋ ಮುಖ ಮುಚ್ಕೊಂಡು ಹೋಗ್ಲಿ? ಕದ್ದಿದ್ದು ನಾನಾ?"

ಸಿಟ್ಟು ಹಾಗೇ ಅವಳನ್ನು ಮೆಟ್ಟಿಲು ಹತ್ತಿಸಿ 'ಅಂದರೆ ಸರ್' ಕೋಣೆಯ ಮುಂದೆ ನಿಲ್ಲಿಸಿತು. ಸರ್ ಬಹಳ ಸಂತೋಷದಲ್ಲಿದ್ದರು. ಕಂಪ್ಯೂಟರಿನ ಪರದೆಯಲ್ಲಿ ಐವತ್ತೆಂಟು ಪ್ಯಾಚುಗಳ ಉದ್ದ ಪಟ್ಟಿ. ಅದರ ಚಿತ್ರ ತೆಗೆದು ವಾರ್ಷಿಕ ವರದಿಗೆ ಅಂಟಿಸುತ್ತಿದ್ದರು. ಕೆಂಪು ಚೀಟಿಗಳು ಕಾಣದ ಹಾಗೆ ಅಂಚು ಕತ್ತರಿಸುವುದರಲ್ಲಿ ಮಗ್ನರಾಗಿದ್ದರು.

"ಸರ್, ಪ್ರಾಜೆಕ್ಟಿನವರು ನಿಮಗೆ ಪತ್ರ ಬರೆದಿದ್ದಾರಂತೆ."

"ಬಂದಿದೆ. ಅಂದರೆ ಮೇಲ್ ಬಂದಿದೆ. ಒಂದೇ ದಿನ ಐವತ್ತೆಂಟು. ಯಾವ ಕಾಲೇಜು ಮಾಡಿದೆ, ಹೇಳು?"

"ಎಲ್ಲಾ ಮುಚ್ಚಿದ್ದಾರೆ ಸರ್. ಕಸ ಅಂತ."

"ಮುಚ್ಚಿದ್ದಾರೆ ಅಂದರೆ ತಲುಪಿದೆ ಅಂತ ತಾನೆ? ತಲುಪದೆ ಹೇಗೆ ಮುಚ್ತಾರೆ? ನಾನು 'ಕಳಿಸಿ' ಅಂದಿದ್ದೆ. ಕಳಿಸಿದ್ದೀರಿ. ಎಲ್ಲರಿಗೂ ಹದಿನೆಂಟು ಹಾಕಿದ್ದೀನಿ."

"ನಂಗೂ?"

"ನಿನಗೂ. ಭೇದಭಾವ ಇಲ್ಲ."

ಸೊನ್ನೆ ಕೊಟ್ಟಿದ್ದರೆ ಜಗಳಕ್ಕೆ ಒಂದು ಹಿಡಿ ಇರುತ್ತಿತ್ತು. "ಮೂರು ವಾರ ಕೂತು ಕಂಡುಹಿಡಿದಿದ್ದಕ್ಕೂ ಹದಿನೆಂಟು, ಸು ಹಾಕಿದ್ದಕ್ಕೂ ಹದಿನೆಂಟಾ ಸರ್?"

"ಮಾರ್ಕು ಬಂದರೂ ಅಳ್ತೀಯಲ್ಲಮ್ಮ."

"ಅಳ್ತಿಲ್ಲ ಸರ್. ನೀವು ಅವರಿಗೆ ಒಂದು ಸಾಲು ಉತ್ತರ ಬರೀರಿ. ತಪ್ಪಾಯ್ತು, ಮತ್ತೆ ಹೀಗಾಗಲ್ಲ ಅಂತ. ನೀವು ಬರೆದ್ರೆ ಬಾಗಿಲು ತೆಗೀತಾರೆ."

"ತಪ್ಪಾಯ್ತು, ಅಂದರೆ…" ಸರ್ ಮೊದಲ ಸಲ ಅರ್ಥಕ್ಕಾಗಿ ತಡಕಾಡಿದರು. ಆಮೇಲೆ ಮೌಸಿನ ಕಡೆ ತಿರುಗಿದರು. "ಅವೆಲ್ಲ ಬರವಣಿಗೆಯಲ್ಲಿ ಬೇಡ. ಬೇಕಾದರೆ ಮುಂದಿನ ವರ್ಷದವರಿಗೆ ಬೇರೆ ಪ್ರಾಜೆಕ್ಟ್ ನೋಡೋಣ. ನಿನ್ನ ಹತ್ತಿರ ಪಟ್ಟಿ ಇದೆಯಂತಲ್ಲ?"

ಅಂದರೆ ಈ ಮಿಡತೆ ಹಿಂಡು ಮುಂದಿನ ವರ್ಷ ಪಕ್ಕದ ಹೊಲಕ್ಕೆ. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಕನಿಷ್ಠ ಕಿವಿಯಾದರೂ ಆಡಿಸುತ್ತದೆ ಎಂದುಕೊಳ್ಳುತ್ತ ಅವಳು ಇಳಿದು ಬಂದಳು.

ಅದೇ ಸಂಜೆ ಶೆಡ್ಡಿನಲ್ಲಿ ಕೂತು, ಯಂತ್ರದ ಕಟಕಟದ ನಡುವೆ, ಬೆಕ್ಕಣ್ಣನ ಪ್ರತ್ಯೇಕ ವಿಳಾಸಕ್ಕೆ ಪತ್ರ ಬರೆದಳು. ಕಾಲೇಜಿನ ಹೆಸರನ್ನು ಮೊದಲ ಸಾಲಿನಲ್ಲೇ ಹಾಕಿದಳು. ನಿಮ್ಮ ಮನೆಯ ದಾರಿಯನ್ನು ಐವತ್ತೇಳು ಜನಕ್ಕೆ ತೋರಿಸಿದ ಕೋಷ್ಟಕ ನನ್ನದೇ, ಅದು ನನ್ನ ತಪ್ಪು ಎಂದಳು. ತಪ್ಪೊಪ್ಪಿಗೆ ಅಲ್ಲಿಗೆ ಮುಗಿಯಿತು; ಆಮೇಲೆ ಬರೆದದ್ದೆಲ್ಲ ತಕರಾರು.

'ಆದರೆ ನಿಮ್ಮನ್ನೂ ಒಂದು ಮಾತು ಕೇಳುತ್ತೇನೆ. ನಿಮ್ಮ ಸಿಸ್ಟಂ ಹುಟ್ಟಿರುವುದೇ, ಎಷ್ಟೇ ಗದ್ದಲವಿದ್ದರೂ ಮುಖ್ಯವಾದ ಕೆಲಸ ಹಿಂದೆ ಬೀಳಬಾರದು ಎಂದು. ಐವತ್ತೇಳು ಜೊಳ್ಳು ಬಂತೆಂದು ಒಂದು ಕಾಳನ್ನು ತೂರಿಬಿಟ್ಟಿರಿ. ನಿಮ್ಮ ಕೋಡು ಮಾಡಬಾರದೆಂದು ನೀವು ಬರೆದಿರುವುದನ್ನು ನೀವೇ ಮಾಡಿದ್ದೀರಿ. ನನ್ನ ಪ್ಯಾಚ್ ತಪ್ಪಿದ್ದರೆ ತಪ್ಪು ಎನ್ನಿ. ಓದದೆ ಕಸ ಎನ್ನಬೇಡಿ.'

"ಜೋರಾಯ್ತೇನೋ," ಅಂದ ಚಿಕ್ಕಪ್ಪ, ಓದಿಸಿ ಕೇಳಿ. "ಪುಕ್ಕಟೆ ಮಾಡೋರಿಗೆ ಹೀಗೆ ಬರೀತಾರಾ?"

"ಪುಕ್ಕಟೆ ಮಾಡಿದ್ರೆ ಓದಬಾರದು ಅಂತ ಇದೆಯಾ ಚಿಕ್ಕಪ್ಪ?"

ಉತ್ತರ ಬುಧವಾರ ಬಂತು. ಸಿಟ್ಟಿನ ಉತ್ತರವಲ್ಲ, ಸುಸ್ತಾದ ಉತ್ತರ. 'ಭಾನುವಾರ ಇಡೀ ದಿನ ಮುಚ್ಚುತ್ತಲೇ ಇದ್ದೆ. ಕೊನೆಗೆ ಬಂದ ಹತ್ತನ್ನು ಓದಿದ ಮೇಲೆ ಉಳಿದ ಯಾವುದನ್ನೂ ಓದಲಿಲ್ಲ, ನಿಜ. ಈ ಶನಿವಾರ ಸಂಜೆ ಹೊಸ ಆವೃತ್ತಿ ಕಟ್ಟುತ್ತೇವೆ. ಅದರ ನಂತರದ್ದು ಆರು ವಾರಕ್ಕೆ. ಶನಿವಾರ ನನಗೆ ಎರಡು ಗಂಟೆ ಬಿಡುವಿದೆ. ನಿಮ್ಮ ತರಗತಿಯನ್ನು ನೀವು ಬಲ್ಲಿರಿ. ಐವತ್ತೆಂಟರಲ್ಲಿ ಓದಲು ಯೋಗ್ಯವಾದದ್ದು ಯಾವುದು, ನೀವೇ ಹೇಳಿ. ಅದನ್ನು ಓದುತ್ತೇನೆ.'

ಸೂಜಿ ನಿಂತಲ್ಲೇ ಉತ್ತರ ಒತ್ತಿದಳು: 'ನನ್ನದೊಂದೇ. ಉಳಿದದ್ದೆಲ್ಲ ಕಸ.'

ಗುರುವಾರ ಲ್ಯಾಬಿನಲ್ಲಿ ಅವಳು ಈ ವಿಜಯವನ್ನು ಸಾರುತ್ತಿದ್ದಳು. ಜೆರಾಕ್ಸ್ ಬೆಕ್ಕಣ್ಣನಾಗಿ, ಮೀಸೆ ತಿರುವಿ, "ಮಿಯಾಂವ್, ಓದಿದೆ, ಒಪ್ಪಿದೆ," ಎಂದು ನಟಿಸುತ್ತಿದ್ದ. ಆಗ ಕಿಟಕಿಯ ಪಕ್ಕದ ಮೇಜಿನಿಂದ ಒಂದು ಸಣ್ಣ ದನಿ ಬಂತು.

"ನಂದನ್ನೂ ಓದ್ತಾರಾ?"

ಮಾತಾಡಿದವಳು ಮ್ಯೂಟ್. ಮೂರು ವರ್ಷದಲ್ಲಿ ಹಾಜರಿ ಕೂಗಿದಾಗ ಬಿಟ್ಟರೆ ಅವಳ ಬಾಯಿಂದ ಮಾತು ಕೇಳಿದವರು ಕಡಿಮೆ. ಹೆಸರಿಗೆ ಅದೇ ಕಾರಣ.

"ನಿಂದೇನಿತ್ತು?" ಸೂಜಿ ಕೇಳಿದಳು.

"ಕೈಪಿಡಿಯಲ್ಲಿ ಮೂರು ಅಂತ ಇದ್ದಿದ್ದನ್ನ ನಾಲ್ಕು ಮಾಡಿದೆ. ನಾಲ್ಕು ಇದ್ದಿದ್ದನ್ನ ಮೂರು."

"ಸು ಹಾಕಿದವನ ತಂಗಿ," ಅಂದ ಜೆರಾಕ್ಸ್. ಎಲ್ಲರೂ ನಕ್ಕರು. ಸೂಜಿಯೂ ನಕ್ಕಳು.

ಮ್ಯೂಟ್ ನಗಲಿಲ್ಲ, ಮುನಿಯಲೂ ಇಲ್ಲ. ಚೀಲದಿಂದ ಕಾಗದದಲ್ಲಿ ಸುತ್ತಿದ ಒಂದು ಬೋರ್ಡನ್ನು ತೆಗೆದು ಮೇಜಿನ ಮೇಲಿಟ್ಟಳು. ಅದರ ಒಂದು ಮೂಲೆ ಕಪ್ಪಗೆ ಸುಟ್ಟು ಉಬ್ಬಿತ್ತು. "ಕೈಪಿಡಿಯ ಚಿತ್ರದಲ್ಲಿ ಇದ್ದ ಹಾಗೇ ವೈರು ಜೋಡಿಸಿದೆ. ಮೂರನೇ ಪಿನ್ನಿಗೆ ಕರೆಂಟು, ನಾಲ್ಕಕ್ಕೆ ಅರ್ತು. ಹೊಗೆ ಬಂತು. ಚಿತ್ರವೇ ಅದಲುಬದಲು. ಬೋರ್ಡ್ ಮಾಡಿದವರ ಪುಸ್ತಕದಲ್ಲಿ ನೋಡ್ದೆ, ಅಲ್ಲಿ ಸರಿಯಾಗಿದೆ."

ಜೆರಾಕ್ಸ್ ಮೀಸೆ ತಿರುವುತ್ತಿದ್ದ ಕೈಯನ್ನು ಇಳಿಸಿದ.

"ಇದನ್ನ ಯಾಕೆ ಯಾರಿಗೂ ಹೇಳ್ಲಿಲ್ಲ?" ಸೂಜಿಯ ದನಿ ಏರಿತು.

"ಹೇಳಿದೀನಲ್ಲ. ಪ್ಯಾಚಲ್ಲೇ ಬರೆದಿದೆ. ಕಾರಣ, ಫೋಟೋ, ಎಲ್ಲ." ಮ್ಯೂಟ್ ಬೋರ್ಡನ್ನು ಮತ್ತೆ ಕಾಗದದಲ್ಲಿ ಸುತ್ತತೊಡಗಿದಳು. "ಓದಿದ್ರೆ ಗೊತ್ತಾಗ್ತಿತ್ತು."

ಅವಳು ಬೆಕ್ಕಣ್ಣನ ಬಗ್ಗೆ ಹೇಳಿದ್ದು. ಅದು ಹೋಗಿ ನಾಟಿದ್ದು ಬೇರೆ ಕಡೆ. ಸೂಜಿಗೆ ನಾಲ್ಕು ದಿನದಿಂದ ಊರ ಮೇಲೆ ಎತ್ತಿದ ಕೈ ತನ್ನ ಕೆನ್ನೆಗೇ ಬಂದು ಬಿದ್ದ ಹಾಗಾಯಿತು. ಓದದೆ ಕಸ ಎನ್ನಬೇಡಿ ಎಂದು ಬರೆದ ಎರಡನೆಯ ದಿನಕ್ಕೇ, ಐದಾರು ನೋಡಿ ಐವತ್ತೇಳಕ್ಕೂ ಚೀಟಿ ಹಚ್ಚಿದ್ದಳು. ಕೆಂಪು ಚೀಟಿಯನ್ನು ಬೆಕ್ಕಣ್ಣ ಒಂದು ಸಲ ಅಂಟಿಸಿದ್ದರು, ಗೋಂದು ಹಾಕಿ ಗಟ್ಟಿ ಮಾಡಿದವಳು ಇವಳು.

"ಕೂತ್ಕೋ," ಅಂದಳು ಜೆರಾಕ್ಸ್‌ಗೆ. "ಎಲ್ಲಾ ಓದೋಣ."

"ಎಲ್ಲಾ?"

"ನೀನು ಓದು, ನಾನು ಕೇಳ್ತೀನಿ. ಧ್ವನಿ ಬದಲಾಯಿಸದೆ ಓದು."

ಮಧ್ಯಾಹ್ನ ಪೂರ್ತಿ ಓದಿದರು. ಸುಸ್ವಾಗತಗಳೇ ಹದಿನಾಲ್ಕು. ಬರೆದವರು ಒಬ್ಬೊಬ್ಬರಾಗಿ ಲ್ಯಾಬಿನಿಂದ ಜಾರಿಕೊಂಡರು. ಗುಂಪಿನಲ್ಲಿ ಗೋವಿಂದ ಎಂದು ಕೂಗುವಾಗ ಇದ್ದ ಗಂಟಲು ಒಂಟಿಯಾಗಿ ಹೆಸರು ಬಂದಾಗ ಇರುವುದಿಲ್ಲ. ಜೆರಾಕ್ಸನದೇ ಪ್ಯಾಚು ಬಂದಾಗ ಅವನು ಅದನ್ನು ಬಹಳ ಬೇಗ ಓದಿದ. ಕೊನೆಗೆ ಐವತ್ತೈದು ಕಸವೇ ಆಗಿತ್ತು. ಒಂದು ಅರ್ಧ ಸರಿ. ಮ್ಯೂಟಳದು ಪೂರ್ತಿ ಸರಿ, ಮತ್ತು ಅವಳು ಬರೆದ ವಿವರಣೆ ಸೂಜಿಯದಕ್ಕಿಂತ ಚೆನ್ನಾಗಿತ್ತು. ಇದು ಬೇರೆ.

ಸೂಜಿ ಬೆಕ್ಕಣ್ಣನಿಗೆ ಮತ್ತೆ ಬರೆದಳು. 'ನಿನ್ನೆ ಹೇಳಿದ್ದು ಸುಳ್ಳು. ನಾನೂ ಓದಿರಲಿಲ್ಲ. ಇನ್ನೊಂದಿದೆ.' ಕೊಂಡಿ ಹಾಕಿ, ಸುಟ್ಟ ಬೋರ್ಡಿನ ಚಿತ್ರ ಸೇರಿಸಿ, 'ಎರಡನ್ನೂ ಓದಿ' ಎಂದು ಮುಗಿಸಿದಳು.

ಶುಕ್ರವಾರ ಸಂಜೆ ಉತ್ತರ ಬಂದಾಗ ಅವಳು ಶೆಡ್ಡಿನಲ್ಲಿದ್ದಳು. 'ಎರಡೂ ಆಗುವುದಿಲ್ಲ. ನಿಮ್ಮ ಗೆಳತಿಯದನ್ನು ನಂಬುವ ಮುಂಚೆ ಆ ಬೋರ್ಡನ್ನು ಹುಡುಕಿ ನಾನೇ ಜೋಡಿಸಿ ನೋಡಬೇಕು, ಅದಕ್ಕೇ ಎರಡು ಗಂಟೆ ಬೇಕು. ನಿಮ್ಮದಕ್ಕೂ ಅಷ್ಟೇ. ಯಾವುದು ಮೊದಲು?'

ಬೆಕ್ಕಣ್ಣನ ಮೇಲೆ ಸಿಟ್ಟು ಬಂತು. ಎರಡು ಗಂಟೆಯನ್ನು ನಾಲ್ಕು ಮಾಡಲಾಗದ ಆರು ಜನರ ಮೇಲೆ ಬಂತು. ಬೋರ್ಡು, ಕೋಡು, ಕೈಪಿಡಿ ಎಲ್ಲವನ್ನೂ ಪುಕ್ಕಟೆ ಎತ್ತಿಕೊಂಡು ಹೋಗಿ ಒಂದು ಗಂಟೆಯನ್ನೂ ಮರಳಿ ಕೊಡದ ಲೋಕದ ಮೇಲೆ, ಅಂಚು ಕತ್ತರಿಸಿ ವರದಿಗೆ ಅಂಟಿಸುವ ಸರ್ ಮೇಲೆ, ಮೂರು ನಾಲ್ಕು ಎಂದು ಮೆಲ್ಲಗೆ ಹೇಳಿ ಸುಮ್ಮನಾದ ಮ್ಯೂಟಳ ಮೇಲೂ. 'ನನ್ನದು' ಎಂದು ಒತ್ತಿದರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಮ್ಯೂಟಳಂತೂ ಕೇಳುತ್ತಲೇ ಇರಲಿಲ್ಲ.

ಆದರೆ ಯಾವುದು ಈಗಲೇ ಆಗಬೇಕು, ಯಾವುದು ಕಾಯಬಹುದು? ಕಾಲುಚೀಲದ ತೂತನ್ನು ಹೊಲಿಯಬಹುದು. ಆ ಚಿತ್ರ ನೋಡಿ ಇವತ್ತು ಎಲ್ಲೋ ಯಾರೋ ಹೊಸಬರು ಮೂರಕ್ಕೆ ಕರೆಂಟು ಕೊಡುತ್ತಿರಬಹುದು.

'ಅವಳದು,' ಎಂದು ಬರೆದಳು. ಕಳಿಸಿ, ಫೋನನ್ನು ಸ್ಟೂಲಿನ ಮೇಲೆ ಮಗುಚಿ ಹಾಕಿದಳು.

"ಬಂತೇನೇ ನಿಂದು?" ಚಿಕ್ಕಪ್ಪ ಯಂತ್ರದ ಆಚೆಯಿಂದ ಕೂಗಿದ.

"ಇಲ್ಲ ಚಿಕ್ಕಪ್ಪ. ಇನ್ನು ಆರು ವಾರ."

"ಯಾಕೆ, ಮತ್ತೆ ಕಸ ಅಂದ್ರಾ?"

"ಇಲ್ಲ. ಓದ್ತಾರಂತೆ. ನನ್ನ ಮುಂದೆ ಒಬ್ಬಳಿದ್ದಾಳೆ."

"ಆರು ವಾರದ ತೂತು ಯಾರು ಹೊಲೀತಾರೆ, ಅವಳಾ?" ಅಮ್ಮ ಕೇಳಿದಳು.

"ನಾನು ಹೊಲೀತೀನಿ. ನೀನು ಏಳು," ಅಂದಳು ಸೂಜಿ. ಅದನ್ನೂ ಸಿಟ್ಟಿನಿಂದಲೇ ಅಂದಳು.